ಕನ್ನಡ ಕಿರುತೆರೆ ಪ್ರಶಸ್ತಿಗಳು

ಕನ್ನಡ ಕಿರುತೆರೆ ಪ್ರಶಸ್ತಿಗಳು ಎಂದರೆ ಕನ್ನಡ ಟೆಲಿವಿಷನ್ ವಾಹಿನಿಗಳಲ್ಲಿ ಪ್ರಸಾರವಾಗುವ ಧಾರಾವಾಹಿ, ರಿಯಾಲಿಟಿ ಷೋ ಮತ್ತಿತರ ಕಾರ್ಯಕ್ರಮಗಳಿಗೂ ಅವುಗಳ ಕಲಾವಿದರು, ನಿರೂಪಕರು, ತಂತ್ರಜ್ಞರಿಗೂ ವರ್ಷಕ್ಕೊಮ್ಮೆ ಕೊಡುವ ಪುರಸ್ಕಾರಗಳು. ಇವುಗಳಲ್ಲಿ ಹೆಚ್ಚು ಪರಿಚಿತವಾದವು ಖಾಸಗಿ ಮನರಂಜನಾ ವಾಹಿನಿಗಳು ತಾವೇ ಏರ್ಪಡಿಸುವ ಸಮಾರಂಭಗಳು: ಜೀ ಕನ್ನಡದ ‘ಜೀ ಕುಟುಂಬ ಅವಾರ್ಡ್ಸ್’, ಕಲರ್ಸ್ ಕನ್ನಡದ ‘ಅನುಬಂಧ ಅವಾರ್ಡ್ಸ್’, ಸ್ಟಾರ್ ಸುವರ್ಣದ ‘ಸುವರ್ಣ ಪರಿವಾರ ಅವಾರ್ಡ್ಸ್’. ಮೂರರಲ್ಲೂ ಪ್ರಶಸ್ತಿ ಕೊಡುವ ವಾಹಿನಿ ತನ್ನದೇ ಕಾರ್ಯಕ್ರಮಗಳನ್ನು ಗೌರವಿಸಿ, ಆ ಸಮಾರಂಭವನ್ನು ತಾನೇ ಚಿತ್ರೀಕರಿಸಿ, ತಾನೇ ಪ್ರಸಾರ ಮಾಡುತ್ತದೆ. ಹೀಗಾಗಿ ಇಲ್ಲಿ ಪ್ರಶಸ್ತಿಯೂ ಒಂದು ಕಾರ್ಯಕ್ರಮ. ಸಿನಿಮಾ ಪ್ರಶಸ್ತಿಗಳಿಗೂ ಕಿರುತೆರೆ ಪ್ರಶಸ್ತಿಗಳಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಹಿನ್ನೆಲೆ

ಟೆಲಿವಿಷನ್ ಕಾರ್ಯಕ್ರಮಗಳಿಗೆ ಪ್ರತ್ಯೇಕ ಪ್ರಶಸ್ತಿ ಕೊಡುವ ಪದ್ಧತಿ ಅಮೆರಿಕದಲ್ಲಿ ನೆಲೆಗೊಂಡಿತು. ಮೊದಲ ಎಮ್ಮಿ ಪ್ರಶಸ್ತಿ ಸಮಾರಂಭ 1949ರ ಜನವರಿ 25ರಂದು ಲಾಸ್ ಏಂಜಲಿಸ್‌ನ ಹಾಲಿವುಡ್ ಅಥ್ಲೆಟಿಕ್ ಕ್ಲಬ್ಬಿನಲ್ಲಿ ನಡೆಯಿತು. ಆಗ ಅದು ಆ ಊರಿನ ಸುತ್ತಮುತ್ತಲಿನ ಕಾರ್ಯಕ್ರಮಗಳಿಗಷ್ಟೇ ಸೀಮಿತವಾಗಿತ್ತು. ರೆಕ್ಕೆಯ ಹೆಣ್ಣೊಬ್ಬಳು ಪರಮಾಣುವಿನ ಗೋಳವನ್ನು ಎತ್ತಿ ಹಿಡಿದಿರುವ ಎಮ್ಮಿ ಪ್ರತಿಮೆಯನ್ನು ಲೂಯಿಸ್ ಮೆಕ್‌ಮೇನಸ್ ತನ್ನ ಪತ್ನಿಯನ್ನೇ ಮಾದರಿಯಾಗಿಟ್ಟುಕೊಂಡು ರೂಪಿಸಿದ. ಎಮ್ಮಿಯನ್ನು ಕೊಡುವುದು ವಾಹಿನಿಯಲ್ಲ, ಟೆಲಿವಿಷನ್ ಅಕಾಡೆಮಿ. ಮತ ಹಾಕುವವರು ಆಯಾ ಕಸುಬಿನ ಸದಸ್ಯರು. ಅಮೆರಿಕದ ಹೊರಗಿನ ಕಾರ್ಯಕ್ರಮಗಳಿಗೆ ಅಂತರರಾಷ್ಟ್ರೀಯ ಎಮ್ಮಿ ಇದೆ. 2020ರಲ್ಲಿ ‘ಡೆಲ್ಲಿ ಕ್ರೈಮ್’ ಅತ್ಯುತ್ತಮ ನಾಟಕ ಸರಣಿ ವಿಭಾಗದಲ್ಲಿ ಅದನ್ನು ಪಡೆಯಿತು.

ಭಾರತದಲ್ಲಿ ದೂರದರ್ಶನ ಒಂದೇ ಇದ್ದ ಕಾಲಕ್ಕೆ ಪೈಪೋಟಿಯೂ ಇರಲಿಲ್ಲ, ಪ್ರಶಸ್ತಿಯ ಅಗತ್ಯವೂ ಅಷ್ಟಾಗಿ ಕಾಣಲಿಲ್ಲ. 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದು, 2000ದ ಸುಮಾರಿಗೆ ವಾರದಲ್ಲಿ ನಾಲ್ಕೈದು ದಿನ ನಡೆಯುವ ಕೌಟುಂಬಿಕ ಧಾರಾವಾಹಿಗಳು ಹಿಂದಿಯಲ್ಲಿ ಬೇರೂರಿದ ಮೇಲೆ ಚಿತ್ರ ಬದಲಾಯಿತು. 2001ರಲ್ಲಿ ಇಂಡಿಯನ್ ಟೆಲಿ ಅವಾರ್ಡ್ಸ್ ಮತ್ತು ಇಂಡಿಯನ್ ಟೆಲಿವಿಷನ್ ಅಕಾಡೆಮಿ ಅವಾರ್ಡ್ಸ್ ಶುರುವಾದವು. ಇವೆರಡೂ ಬೇರೆ ಬೇರೆ ವಾಹಿನಿಗಳ ಕಾರ್ಯಕ್ರಮಗಳನ್ನು ಒಟ್ಟಿಗೆ ಪರಿಗಣಿಸುವಂಥವು. 2003ರಲ್ಲಿ ಸ್ಟಾರ್ ಪ್ಲಸ್ ‘ಸ್ಟಾರ್ ಪರಿವಾರ್ ಅವಾರ್ಡ್ಸ್’ ಆರಂಭಿಸಿ ಇನ್ನೊಂದು ದಾರಿ ತೆರೆಯಿತು. ಅಲ್ಲಿ ಒಂದೇ ವಾಹಿನಿಯ ಪಾತ್ರಧಾರಿಗಳು ಒಂದು ಮನೆಯವರಂತೆ ಸೇರುತ್ತಿದ್ದರು. ಮೆಚ್ಚಿನ ಸೊಸೆ, ಮೆಚ್ಚಿನ ಅತ್ತೆ, ಮೆಚ್ಚಿನ ಮಗಳು ಎಂಬ ವಿಭಾಗಗಳಿದ್ದವು. 2007ರಲ್ಲಿ ಜೀ ವಾಹಿನಿ ‘ಜೀ ರಿಷ್ತೇ ಅವಾರ್ಡ್ಸ್’ ತಂದಿತು. ಕನ್ನಡದ ವಾಹಿನಿ ಪ್ರಶಸ್ತಿಗಳು ನೇರವಾಗಿ ಈ ಎರಡನೆಯ ಬಗೆಗೆ ಸೇರಿದವು, ಎಮ್ಮಿಯ ಬಗೆಗಲ್ಲ.

ಕನ್ನಡ ಟೆಲಿವಿಷನ್

ಕರ್ನಾಟಕಕ್ಕೆ ಟೆಲಿವಿಷನ್ ಬಂದದ್ದು ಬೆಂಗಳೂರಿನ ಮೂಲಕವಲ್ಲ, ಉತ್ತರ ಕರ್ನಾಟಕದ ಹಳ್ಳಿಗಳ ಮೂಲಕ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯ ಟಿ.ವಿ. ಸೆಟ್ಟುಗಳನ್ನು ಕೊಡಲಾಯಿತು. ಕರ್ನಾಟಕದ ಪಾಲಿಗೆ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಬಂದವು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮಗಳು ಬರುತ್ತಿದ್ದವು. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಕಲಬುರಗಿಗೆ ಭೂಪ್ರಸಾರ ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು.

1980ರ ದಶಕದ ‘ಸಿಹಿಕಹಿ’ ಕನ್ನಡದ ಆರಂಭಿಕ ಧಾರಾವಾಹಿಗಳಲ್ಲಿ ಒಂದು. ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಅವರ ಹೆಸರಿಗೆ ಧಾರಾವಾಹಿಯ ಹೆಸರೇ ಶಾಶ್ವತವಾಗಿ ಅಂಟಿಕೊಂಡಿತು. ಆ ಕಾಲಕ್ಕೆ ಕಿರುತೆರೆಯ ಕಲಾವಿದರಿಗೆ ಸಿಗುತ್ತಿದ್ದ ದೊಡ್ಡ ಬಿರುದು ಇದೇ ಎನ್ನಬಹುದು. ಸದಾನಂದ ಸುವರ್ಣರ ‘ಗುಡ್ಡದ ಭೂತ’, ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಒಟ್ಟಾಗಿ ನಿರ್ದೇಶಿಸಿದ ‘ಮಾಯಾಮೃಗ’ ದೂರದರ್ಶನದಲ್ಲಿ ಬಂದ ಹೆಸರಾಂತ ಕೃತಿಗಳು. ಅವು ಬಂದಾಗ ಇಂದಿನ ಬಗೆಯ ಕಿರುತೆರೆ ಪ್ರಶಸ್ತಿಗಳು ಇರಲೇ ಇಲ್ಲ; ಕನ್ನಡ ಧಾರಾವಾಹಿಯ ಗಟ್ಟಿ ಫಸಲಿನ ಬಹುಪಾಲು ಪ್ರಶಸ್ತಿ ಪಟ್ಟಿಗಳ ಹೊರಗೇ ಉಳಿದಿರುವುದಕ್ಕೆ ಇದು ಕಾರಣ.

ಮೊದಲ ಖಾಸಗಿ ಕನ್ನಡ ಉಪಗ್ರಹ ವಾಹಿನಿ ಉದಯ ಟಿ.ವಿ. 1994ರ ಜೂನ್ 1ರಂದು ಶುರುವಾಯಿತು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ, 2006ರ ಮೇ ತಿಂಗಳಲ್ಲಿ ಜೀ ಕನ್ನಡ, 2007ರ ಜೂನ್‌ನಲ್ಲಿ ಸುವರ್ಣ ಬಂದವು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. ಸುವರ್ಣ 2016ರಲ್ಲಿ ಸ್ಟಾರ್ ಸುವರ್ಣವಾಯಿತು. ಸಂಜೆ ಆರರಿಂದ ರಾತ್ರಿ ಹತ್ತೂವರೆಯವರೆಗೆ ಅರ್ಧ ಗಂಟೆಗೊಂದರಂತೆ ಧಾರಾವಾಹಿಗಳನ್ನು ಪೋಣಿಸಿದ ಈ ವಾಹಿನಿಗಳ ನಡುವಿನ ಪೈಪೋಟಿಯೇ ವಾಹಿನಿ ಪ್ರಶಸ್ತಿಗಳಿಗೆ ನೆಲ ಹದ ಮಾಡಿತು.

ಪ್ರಶಸ್ತಿಗಳ ಬಗೆಗಳು

ಕೊಡುವವರು ಯಾರು ಎಂಬುದರ ಮೇಲೆ ಕಿರುತೆರೆ ಪ್ರಶಸ್ತಿಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ವಾಹಿನಿ ಪ್ರಶಸ್ತಿ. ಎರಡನೆಯದು ವಾಹಿನಿಗೆ ಸಂಬಂಧವಿಲ್ಲದ ಸಂಘ ಸಂಸ್ಥೆಗಳು, ಪತ್ರಿಕೆಗಳು ಕೊಡುವಂಥದು; ಸಿನಿಮಾ, ರಂಗಭೂಮಿ, ಸಾಹಿತ್ಯ ಕ್ಷೇತ್ರಗಳ ಜತೆ ಕಿರುತೆರೆಯನ್ನೂ ಸೇರಿಸಿ ಕೊಡುವ ಬೆಂಗಳೂರಿನ ಆರ್ಯಭಟ ಪ್ರಶಸ್ತಿ ಈ ಜಾತಿಯದು. ಮೂರನೆಯದು ಸರ್ಕಾರಿ ಪ್ರಶಸ್ತಿ.

ಮೂರನೆಯ ಬಗೆಯಲ್ಲಿ ಕರ್ನಾಟಕ ನೆರೆಯ ರಾಜ್ಯಗಳಿಗಿಂತ ಹಿಂದಿದೆ. ಕೇರಳದಲ್ಲಿ ರಾಜ್ಯ ಟೆಲಿವಿಷನ್ ಪ್ರಶಸ್ತಿಗಳನ್ನು ಅಲ್ಲಿನ ಚಲಚ್ಚಿತ್ರ ಅಕಾಡೆಮಿ ನಡೆಸುತ್ತದೆ. ತೀರ್ಪುಗಾರರ ಸಮಿತಿ ಎಲ್ಲ ವಾಹಿನಿಗಳ ಕಾರ್ಯಕ್ರಮಗಳನ್ನು ನೋಡಿ ನಿರ್ಧರಿಸುತ್ತದೆ. ಅವಿಭಜಿತ ಆಂಧ್ರಪ್ರದೇಶದಲ್ಲಿ ಸಿನಿಮಾದ ನಂದಿ ಪ್ರಶಸ್ತಿಯ ಜತೆ ಟಿ.ವಿ. ನಂದಿ ಪ್ರಶಸ್ತಿಯೂ ಇತ್ತು. ಕರ್ನಾಟಕದಲ್ಲಿ ರಾಜ್ಯ ಚಲನಚಿತ್ರ ಪ್ರಶಸ್ತಿ 1966–67ರ ಸಾಲಿನಿಂದ ನಡೆದು ಬಂದಿದ್ದರೂ ಕಿರುತೆರೆಗೆ ಅದಕ್ಕೆ ಸಾಟಿಯಾದ ಪರಂಪರೆ ಬೆಳೆದಿಲ್ಲ. ಬೆಂಗಳೂರು ದೂರದರ್ಶನದ ‘ಚಂದನ ಪ್ರಶಸ್ತಿ’ಯನ್ನು ಹಲವರು ಕಿರುತೆರೆ ಪ್ರಶಸ್ತಿ ಎಂದು ತಿಳಿಯುವುದುಂಟು. ಅದು ಸಾಹಿತ್ಯ, ಕೃಷಿ, ಶಿಕ್ಷಣ ಮೊದಲಾದ ಕ್ಷೇತ್ರಗಳ ಸಾಧಕರಿಗೆ ದೂರದರ್ಶನ ಕೊಡುವ ಗೌರವ. ಟೆಲಿವಿಷನ್ ಕಾರ್ಯಕ್ರಮಗಳಿಗೆ ಮೀಸಲಾದುದಲ್ಲ.

ವಿಭಾಗಗಳು

ವಾಹಿನಿ ಪ್ರಶಸ್ತಿಗಳ ವಿಭಾಗಗಳಲ್ಲಿ ಎರಡು ಪದರಗಳಿವೆ. ಒಂದು ಪದರ ಸಿನಿಮಾ ಪ್ರಶಸ್ತಿಯಿಂದ ಬಂದದ್ದು: ಅತ್ಯುತ್ತಮ ಧಾರಾವಾಹಿ, ನಟ, ನಟಿ, ಪೋಷಕ ನಟ, ಪೋಷಕ ನಟಿ, ನಿರ್ದೇಶಕ, ಸಂಭಾಷಣೆ, ಛಾಯಾಗ್ರಹಣ, ಸಂಕಲನ, ಶೀರ್ಷಿಕೆ ಗೀತೆ. ಇನ್ನೊಂದು ಪದರ ಧಾರಾವಾಹಿಯ ಮನೆಯೊಳಗಿಂದಲೇ ಎದ್ದು ಬಂದದ್ದು. ಅನುಬಂಧ ಅವಾರ್ಡ್ಸ್‌ನ ‘ಮನೆ ಮೆಚ್ಚಿದ ಮಗಳು’, ‘ಮನೆ ಮೆಚ್ಚಿದ ಸೊಸೆ’, ‘ಮನೆ ಮೆಚ್ಚಿದ ಅತ್ತೆ’, ‘ಜನ ಮೆಚ್ಚಿದ ಜೋಡಿ’, ‘ಜನ ಮೆಚ್ಚಿದ ಸಂಸಾರ’ ಮುಂತಾದವು ಈ ಎರಡನೆಯ ಪದರಕ್ಕೆ ಸೇರುತ್ತವೆ. ಇಲ್ಲಿ ಬಹುಮಾನ ಬರುವುದು ನಟನೆಗೋ ಪಾತ್ರದ ಗುಣಕ್ಕೋ ಎಂಬುದು ಬೇಕೆಂದೇ ಅಸ್ಪಷ್ಟ. ಸಹನೆಯ ಸೊಸೆಯ ಪಾತ್ರ ಮಾಡಿದವಳು ‘ಮೆಚ್ಚಿದ ಸೊಸೆ’ ಆಗುತ್ತಾಳೆ. ಅದೇ ಕಲಾವಿದೆ ಮರುವರ್ಷ ಜಗಳಗಂಟಿ ನಾದಿನಿಯ ಪಾತ್ರ ಮಾಡಿದರೆ ಅವಳ ಅಭಿನಯ ಇನ್ನೂ ಚೆನ್ನಾಗಿದ್ದರೂ ಈ ವಿಭಾಗದ ಬಾಗಿಲು ಅವಳಿಗೆ ತೆರೆಯದು.

ಅಂಥವರಿಗಾಗಿಯೇ ಅನುಬಂಧದಲ್ಲಿ ‘ಜನ ಮೆಚ್ಚಿದ ಮಂಥರೆ’, ‘ಜನ ಮೆಚ್ಚಿದ ಶಕುನಿ’ ಎಂಬ ಎರಡು ವಿಭಾಗಗಳಿವೆ. ಹೆಣ್ಣು ಖಳಪಾತ್ರಕ್ಕೆ ರಾಮಾಯಣದಿಂದ, ಗಂಡು ಖಳಪಾತ್ರಕ್ಕೆ ಮಹಾಭಾರತದಿಂದ ಹೆಸರು ಎತ್ತಿಕೊಂಡಿರುವುದು ಜಾಣತನದ ಆಯ್ಕೆ. ಇಬ್ಬರೂ ಕತ್ತಿಯಿಂದ ಹೆಸರಾದವರಲ್ಲ. ಮನೆಯೊಳಗೆ ಕೂತು ಕಿವಿ ಊದುವವರು. ಕನ್ನಡ ಧಾರಾವಾಹಿಯ ಖಳರ ಕೆಲಸವೂ ಬಹುಮಟ್ಟಿಗೆ ಅದೇ: ಹಾಲಿಗೆ ಏನೋ ಬೆರೆಸುವುದು, ಪತ್ರ ಬಚ್ಚಿಡುವುದು, ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುವುದು. ‘ಅತ್ಯುತ್ತಮ ಖಳನಟಿ’ ಎನ್ನುವುದಕ್ಕಿಂತ ‘ಮಂಥರೆ’ ಎಂದರೆ ನೋಡುಗರಿಗೆ ಪಾತ್ರದ ನಡೆ ಕೂಡಲೇ ಕಣ್ಣಿಗೆ ಕಟ್ಟುತ್ತದೆ.

ರಿಯಾಲಿಟಿ ಷೋಗಳು ಹೆಚ್ಚಿದಂತೆ ಅವುಗಳ ನಿರೂಪಕರು, ತೀರ್ಪುಗಾರರು, ಹಾಸ್ಯ ಕಲಾವಿದರಿಗೂ ವಿಭಾಗಗಳು ಸೇರಿಕೊಂಡವು. ಜಾಲತಾಣಗಳಲ್ಲಿನ ಜನಪ್ರಿಯತೆ, ಉಡುಗೆ ತೊಡುಗೆಯ ಶೈಲಿ ಇವುಗಳಿಗೂ ‘ಐಕಾನ್’ ಎಂಬ ಹೆಸರಿನ ಪುರಸ್ಕಾರಗಳಿವೆ. ವಿಭಾಗಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಓಡುತ್ತಿರುವ ಪ್ರತಿ ಧಾರಾವಾಹಿಯ ತಂಡವೂ ಒಂದಲ್ಲ ಒಂದು ಫಲಕ ಹಿಡಿದು ಮನೆಗೆ ಹೋಗುವಂತೆ ಪಟ್ಟಿ ಹಿಗ್ಗುವುದು ಈ ಸಮಾರಂಭಗಳ ಸಹಜ ಸ್ವಭಾವ.

ಆಯ್ಕೆಯ ವಿಧಾನ

ಜನಪ್ರಿಯ ವಿಭಾಗಗಳಲ್ಲಿ ವೀಕ್ಷಕರ ಮತವೇ ಆಧಾರ ಎಂದು ವಾಹಿನಿಗಳು ಸಾರುತ್ತವೆ. ಮತ ಹಾಕುವ ದಾರಿಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. ಮೊದಲು ಎಸ್‌ಎಂಎಸ್ ಇತ್ತು. ಆಮೇಲೆ ಖರ್ಚಿಲ್ಲದ ಮಿಸ್ಡ್ ಕಾಲ್ ಬಂತು. ಈಗ ಬಹುತೇಕ ಎಲ್ಲವೂ ವಾಹಿನಿಯ ಆ್ಯಪ್ ಮತ್ತು ಜಾಲತಾಣದ ಮೂಲಕ. ಕಲರ್ಸ್ ಕನ್ನಡ ತನ್ನ ಸಂಸ್ಥೆಯ ವೂಟ್ ಆ್ಯಪನ್ನೂ ಜೀ ಕನ್ನಡ 2018ರಲ್ಲಿ ಬಂದ ಜೀ5 ಆ್ಯಪನ್ನೂ ಇದಕ್ಕೆ ಬಳಸಿದವು. ಮತ ಹಾಕಲೆಂದು ಆ್ಯಪ್ ಇಳಿಸಿಕೊಂಡವರು ಆಮೇಲೆ ಅದರಲ್ಲೇ ಧಾರಾವಾಹಿ ನೋಡತೊಡಗುವುದರಿಂದ ಮತದಾನವೂ ವ್ಯಾಪಾರದ ಒಂದು ಅಂಗವಾಗಿದೆ. ತಾಂತ್ರಿಕ ವಿಭಾಗಗಳ ಆಯ್ಕೆ ಸಾಮಾನ್ಯವಾಗಿ ತೀರ್ಪುಗಾರರು ಮತ್ತು ವಾಹಿನಿಯ ಕಾರ್ಯಕ್ರಮ ವಿಭಾಗಕ್ಕೆ ಬಿಟ್ಟದ್ದು.

ಇದರ ಜತೆಗೆ, ಹೇಳದೆಯೂ ಕೆಲಸ ಮಾಡುವ ಇನ್ನೊಂದು ಅಳತೆಗೋಲು ಟಿಆರ್‌ಪಿ ಎಂಬ ವೀಕ್ಷಣಾ ಅಂಕಿ. 2015ರಿಂದ ದೇಶದ ವೀಕ್ಷಣಾ ಪ್ರಮಾಣವನ್ನು ಬಾರ್ಕ್ ಸಂಸ್ಥೆ ಅಳೆದು ವಾರಕ್ಕೊಮ್ಮೆ ಅಂಕಿ ಕೊಡುತ್ತದೆ. ಮಾದರಿಯಾಗಿ ಆರಿಸಿದ ಮನೆಗಳ ಟಿ.ವಿ.ಗೆ ಮೀಟರ್ ಅಳವಡಿಸಿ, ಕಾರ್ಯಕ್ರಮದ ಧ್ವನಿಯಲ್ಲಿ ಅಡಗಿಸಿಟ್ಟ ಗುರುತಿನ ಮೂಲಕ ಯಾವ ವಾಹಿನಿ ಓಡುತ್ತಿದೆ ಎಂಬುದನ್ನು ದಾಖಲಿಸುತ್ತಾರೆ. ಅದೇ ವರ್ಷದ ಕೊನೆಯಲ್ಲಿ ಹಳ್ಳಿಗಳ ವೀಕ್ಷಣೆಯೂ ಲೆಕ್ಕಕ್ಕೆ ಸೇರಿದ್ದು ಪ್ರಾದೇಶಿಕ ವಾಹಿನಿಗಳಿಗೆ ದೊಡ್ಡ ತಿರುವು. ಟಿಆರ್‌ಪಿ ಕುಸಿದ ಧಾರಾವಾಹಿ ಸಮಾರಂಭದ ಹೊತ್ತಿಗೆ ನಿಂತೇ ಹೋಗಿರುವುದರಿಂದ, ನಾಮನಿರ್ದೇಶನದ ಪಟ್ಟಿಗೆ ಬರುವವು ಬಹುಮಟ್ಟಿಗೆ ಈ ಅಂಕಿಯ ಜರಡಿಯಲ್ಲಿ ಉಳಿದವೇ.

ಎಮ್ಮಿಯಲ್ಲಿ ಕಸುಬಿನವರು ಕಸುಬಿನವರಿಗೆ ಮತ ಹಾಕುತ್ತಾರೆ. ಕೇರಳದಲ್ಲಿ ಸರ್ಕಾರ ನೇಮಿಸಿದ ಸಮಿತಿ ತೂಗಿ ನೋಡುತ್ತದೆ. ಕನ್ನಡದ ವಾಹಿನಿ ಪ್ರಶಸ್ತಿಯಲ್ಲಿ ಸ್ಪರ್ಧೆ ಇರುವುದು ಒಂದೇ ಸಂಸ್ಥೆಯ ಆರೆಂಟು ಧಾರಾವಾಹಿಗಳ ನಡುವೆ. ಬೇರೆ ವಾಹಿನಿಯ ಅದಕ್ಕಿಂತ ಒಳ್ಳೆಯ ಕೆಲಸ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ‘ಕನ್ನಡ ಕಿರುತೆರೆಯ ಅತ್ಯುತ್ತಮ ನಟಿ’ ಎಂಬ ಮಾತಿಗೆ ಈ ವ್ಯವಸ್ಥೆಯಲ್ಲಿ ಅರ್ಥವಿಲ್ಲ; ಆಯಾ ವಾಹಿನಿಯ ಆ ವರ್ಷದ ಮೆಚ್ಚಿನ ನಟಿ ಎಂದಷ್ಟೇ ಓದಿಕೊಳ್ಳಬೇಕು.

ಸಮಾರಂಭ ಮತ್ತು ಪ್ರಸಾರ

ಸಮಾರಂಭಗಳು ಹೆಚ್ಚಾಗಿ ಗಣೇಶ ಚತುರ್ಥಿಯಿಂದ ದೀಪಾವಳಿಯ ನಡುವಿನ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ನಡೆಯುತ್ತವೆ. ಜಾಹೀರಾತುದಾರರು ಕೈಬಿಚ್ಚಿ ಹಣ ಸುರಿಯುವ ಕಾಲವೂ ಇದೇ. ಸೋಪು, ಅಡುಗೆ ಎಣ್ಣೆ, ಮಸಾಲೆ, ಚಿನ್ನಾಭರಣ, ಸೀರೆ ಮಳಿಗೆಗಳು ಪ್ರಾಯೋಜಕರಾಗಿ ಹೆಸರು ಹಾಕಿಸಿಕೊಳ್ಳುತ್ತವೆ.

ದಿನಂಪ್ರತಿ ಧಾರಾವಾಹಿಗೆ ಬಿಡುವು ಎಂಬುದಿಲ್ಲ. ಬೆಳಿಗ್ಗೆ ಶುರುವಾದ ಚಿತ್ರೀಕರಣ ರಾತ್ರಿ ಒಂಬತ್ತರ ತನಕ ನಡೆಯುವುದು ಮಾಮೂಲು. ಇಡೀ ತಂಡ ಒಂದೆರಡು ದಿನ ಸಮಾರಂಭಕ್ಕೆ ಬರಬೇಕಾದರೆ ಮುಂಚಿನ ವಾರಗಳಲ್ಲೇ ಹೆಚ್ಚುವರಿ ಸಂಚಿಕೆಗಳನ್ನು ಚಿತ್ರೀಕರಿಸಿ ಇಟ್ಟುಕೊಳ್ಳಬೇಕು. ಇದಕ್ಕೆ ಸೆಟ್ಟಿನಲ್ಲಿ ‘ಬ್ಯಾಂಕಿಂಗ್’ ಎನ್ನುತ್ತಾರೆ. ಅದರ ನಡುವೆಯೇ ನೃತ್ಯದ ತಾಲೀಮು ನಡೆಯುತ್ತದೆ. ತೆರೆಯ ಮೇಲೆ ಸೆರಗು ಹೊದ್ದು ಕಣ್ಣೀರು ಹಾಕುವ ಸೊಸೆ ಅಲ್ಲಿ ಸಿನಿಮಾ ಹಾಡಿಗೆ ಹೆಜ್ಜೆ ಹಾಕುವುದನ್ನು ಪ್ರೋಮೋಗಳಲ್ಲಿ ವಾರಗಟ್ಟಲೆ ಮೊದಲೇ ತೋರಿಸಲಾಗುತ್ತದೆ.

ಸಂಜೆ ರೆಡ್ ಕಾರ್ಪೆಟ್ ಮೇಲೆ ಕಲಾವಿದರು ಬಂದಿಳಿಯುವುದರಿಂದ ಕಾರ್ಯಕ್ರಮ ಆರಂಭ. ಧಾರಾವಾಹಿಯೊಂದರ ಪಾತ್ರಧಾರಿಗಳು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಕೂರುತ್ತಾರೆ. ಅವರ ಹಿಂದೆ ಅಥವಾ ಪಕ್ಕದಲ್ಲಿ ಅಪ್ಪ ಅಮ್ಮಂದಿರು. ಇಬ್ಬರು ನಿರೂಪಕರು ತಮಾಷೆಯ ಮಾತಿನಲ್ಲಿ ಸಭೆಯನ್ನು ಬಿಸಿಯೇರಿಸುತ್ತಾರೆ. ವಿಭಾಗದ ಹೆಸರು ಹೇಳುತ್ತಲೇ ನಾಮನಿರ್ದೇಶಿತರ ತುಣುಕುಗಳು ಪರದೆಯ ಮೇಲೆ ಬರುತ್ತವೆ, ಕ್ಯಾಮೆರಾಗಳು ಅವರವರ ಮುಖಗಳ ಮೇಲೆ ನಿಲ್ಲುತ್ತವೆ. ಸಿನಿಮಾ ತಾರೆಯೊಬ್ಬರು ಲಕೋಟೆ ಒಡೆದು ಹೆಸರು ಓದುತ್ತಾರೆ. ಗೆದ್ದವರು ಪಕ್ಕದಲ್ಲಿ ಕೂತ ಅತ್ತೆಯ ಪಾತ್ರಧಾರಿಯನ್ನು ಅಪ್ಪಿಕೊಂಡು, ಮೆಟ್ಟಿಲಿಗೆ ನಮಸ್ಕರಿಸಿ, ಹಿರಿಯರ ಕಾಲು ಮುಟ್ಟಿ ಟ್ರೋಫಿ ತೆಗೆದುಕೊಳ್ಳುತ್ತಾರೆ. ಭಾಷಣದಲ್ಲಿ ನಿರ್ದೇಶಕರು, ಸಂಭಾಷಣೆ ಬರೆದವರು, ನಿರ್ಮಾಪಕರು, ವಾಹಿನಿಯ ಮುಖ್ಯಸ್ಥರು ಈ ಕ್ರಮದಲ್ಲಿ ಬಂದು ಕೊನೆಗೆ ‘ವೀಕ್ಷಕ ಪ್ರಭುಗಳು’ ಬರುತ್ತಾರೆ. ನಿರೂಪಕರು ಅಷ್ಟಕ್ಕೆ ಬಿಡುವುದಿಲ್ಲ. ಅಮ್ಮನನ್ನು ವೇದಿಕೆಗೆ ಕರೆಸುವುದು, ಧಾರಾವಾಹಿಯ ಒಂದು ಡೈಲಾಗ್ ಹೇಳಿಸುವುದು, ಜೋಡಿಯನ್ನು ಕುಣಿಸುವುದು ರೂಢಿ.

ಇಡೀ ರಾತ್ರಿಯ ಚಿತ್ರೀಕರಣವನ್ನು ಸಂಕಲಿಸಿ ಒಂದೆರಡು ವಾರದ ನಂತರ ಶನಿವಾರ, ಭಾನುವಾರಗಳಲ್ಲಿ ಭಾಗಗಳಾಗಿ ಪ್ರಸಾರ ಮಾಡುತ್ತಾರೆ. ಗೆದ್ದವರ ಪಟ್ಟಿ ಆ ಹೊತ್ತಿಗಾಗಲೇ ಜಾಲತಾಣಗಳಲ್ಲಿ ಹರಿದಾಡಿರುತ್ತದೆ. ಆದರೂ ನೋಡುಗರ ಸಂಖ್ಯೆ ಕುಗ್ಗುವುದಿಲ್ಲ. ಜನ ಕಾಯುವುದು ಫಲಿತಾಂಶಕ್ಕಲ್ಲ, ದಿನವೂ ಮನೆಗೆ ಬರುವ ಪಾತ್ರಗಳನ್ನು ಕಥೆಯ ಹೊರಗೆ ಒಟ್ಟಿಗೆ ನೋಡುವುದಕ್ಕೆ. ಹಿಂದೆ ವಾಹಿನಿಯಲ್ಲಿ ದುಡಿದ ಹಿರಿಯ ಕಲಾವಿದರನ್ನು ಸನ್ಮಾನಿಸುವುದು, ತೀರಿಕೊಂಡವರನ್ನು ನೆನೆಯುವುದು, ಹೊಸದಾಗಿ ಬರಲಿರುವ ಧಾರಾವಾಹಿಯ ನಾಯಕ ನಾಯಕಿಯರನ್ನು ಪರಿಚಯಿಸುವುದು ಕೂಡ ಇದೇ ವೇದಿಕೆಯಲ್ಲಿ ನಡೆಯುತ್ತದೆ.

ಗಡಿನಾಡಿನ ವೀಕ್ಷಕರು: ಬೀದರ್, ಭಾಲ್ಕಿ, ಔರಾದ

ಈ ಪ್ರಶಸ್ತಿಗಳು ಗಡಿನಾಡಿನ ಮನೆಗಳಿಗೆ ಹೇಗೆ ಕಾಣುತ್ತವೆ ಎಂಬುದಕ್ಕೆ ಬೀದರ್ ಒಂದು ಉದಾಹರಣೆ. ಅದು ರಾಜ್ಯದ ಉತ್ತರ ತುದಿಯ ಜಿಲ್ಲೆ. 2011ರ ಜನಗಣತಿಯಂತೆ ಅದರ ಜನಸಂಖ್ಯೆ 17,03,300. ಜಿಲ್ಲೆಯಲ್ಲೂ ಉತ್ತರಕ್ಕಿರುವುದು ಔರಾದ ತಾಲ್ಲೂಕು. ಒಂದು ಕಡೆ ಮಹಾರಾಷ್ಟ್ರದ ಉದಗೀರ, ದೇಗಲೂರು, ಇನ್ನೊಂದು ಕಡೆ ತೆಲಂಗಾಣದ ನಾರಾಯಣಖೇಡ್ ಇದರ ನೆರೆಯ ಪೇಟೆಗಳು. ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಉರ್ದು ಆಡಳಿತ ಭಾಷೆಯಾಗಿದ್ದ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಇತಿಹಾಸ ಇಲ್ಲಿನದು. ಇಂದಿಗೂ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ತೆಲುಗು, ದಖ್ಖನಿ ಉರ್ದು, ಲಂಬಾಣಿ ಮಾತು ಕೇಳಿಬರುತ್ತದೆ. ಮನೆಯ ಟಿ.ವಿ.ಯೂ ಅದಕ್ಕೆ ತಕ್ಕಂತೆ ಬಹುಭಾಷಿಕ.

ಈ ಕಾರಣಕ್ಕೆ ಕಿರುತೆರೆ ಪ್ರಶಸ್ತಿಗಳ ವಿಷಯದಲ್ಲಿ ಔರಾದದ ವೀಕ್ಷಕರ ಸ್ಥಾನ ಮೈಸೂರು, ಮಂಡ್ಯದವರದಕ್ಕಿಂತ ಬೇರೆ. ಜೀ ಸಂಸ್ಥೆ ಕನ್ನಡದಲ್ಲಿ ‘ಕುಟುಂಬ’, ತೆಲುಗಿನಲ್ಲಿ ‘ಕುಟುಂಬಂ’ ಎಂಬ ಹೆಸರಿನಲ್ಲೂ ಮರಾಠಿಯಲ್ಲಿ ‘ಝೀ ಮರಾಠಿ ಅವಾರ್ಡ್ಸ್’ ಎಂದೂ ಸಮಾರಂಭ ನಡೆಸುತ್ತದೆ. ಸ್ಟಾರ್‌ನ ಕನ್ನಡ, ತೆಲುಗು, ಮರಾಠಿ ವಾಹಿನಿಗಳ ಪ್ರಶಸ್ತಿಗಳು ಮೂರೂ ‘ಪರಿವಾರ’ದ ಹೆಸರಿನವು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮೂರು ಭಾಷೆಯ ಸಮಾರಂಭಗಳು ರಿಮೋಟಿನ ಗುಂಡಿ ಒತ್ತಿದಂತೆ ಎದುರಾಗುವುದು ಇಂಥ ಊರುಗಳಲ್ಲಿ ಮಾತ್ರ.

ಕಥೆಗಳದೂ ಅದೇ ಹಾದಿ. 2019ರ ಸೆಪ್ಟೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಆರಂಭವಾಗಿ ಭಾರಿ ಜನಪ್ರಿಯವಾದ ‘ಜೊತೆ ಜೊತೆಯಲಿ’ ಮರಾಠಿಯ ‘ತುಲಾ ಪಾಹತೇ ರೇ’ ಧಾರಾವಾಹಿಯ ರಿಮೇಕ್. ಉಮಾಶ್ರೀ ಮುಖ್ಯಪಾತ್ರದ ‘ಪುಟ್ಟಕ್ಕನ ಮಕ್ಕಳು’ ತೆಲುಗಿನ ‘ರಾಧಮ್ಮ ಕೂತುರು’ ಧಾರಾವಾಹಿಯಿಂದ ಬಂದದ್ದು. ಬೆಂಗಳೂರಿನ ವೀಕ್ಷಕರಿಗೆ ಹೊಸದಾದ ಕಥೆ ಮರಾಠಿ, ತೆಲುಗು ವಾಹಿನಿ ನೋಡುವ ಬೀದರ್ ಜಿಲ್ಲೆಯ ಮನೆಗಳಿಗೆ ಮೊದಲೇ ತಿಳಿದಿರುತ್ತದೆ. ವಾಹಿನಿ ಪ್ರಶಸ್ತಿಗಳು ಸ್ವಮೇಕ್, ರಿಮೇಕ್ ಎಂಬ ಭೇದವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ಭಾಷೆಯ ಅಂತರ ಇನ್ನೊಂದು. ಬಹುಪಾಲು ಧಾರಾವಾಹಿಗಳ ಕನ್ನಡ ಬೆಂಗಳೂರು, ಮೈಸೂರು ಸೀಮೆಯದು. ವೈಶಾಲಿ ಕಾಸರವಳ್ಳಿ ಅವರ ‘ಮೂಡಲ ಮನೆ’ಯಂತೆ ಉತ್ತರ ಕರ್ನಾಟಕದ ಮಾತಿನಲ್ಲಿ ಬಂದವು ಬೆರಳೆಣಿಕೆಯಷ್ಟು, ಅವು ಕೂಡ ಧಾರವಾಡದ ಕಡೆಯ ನುಡಿಗೆ ಹತ್ತಿರ. ಉರ್ದು, ಮರಾಠಿ ಬೆರೆತ ಬೀದರ್ ಕನ್ನಡ ಹಾಸ್ಯದ ಷೋಗಳ ಆಚೆಗೆ ತೆರೆಗೆ ಬಂದದ್ದು ಕಡಿಮೆ. ಆಡುನುಡಿಯ ಬಳಕೆಗೆ ಪ್ರಶಸ್ತಿ ಪಟ್ಟಿಯಲ್ಲಿ ವಿಭಾಗವೂ ಕಾಣುವುದಿಲ್ಲ.

2019ರ ಫೆಬ್ರುವರಿಯಲ್ಲಿ ಜಾರಿಗೆ ಬಂದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ನಿಯಮ ಗಡಿಯ ಮನೆಗಳ ಮೇಲೆ ಬೇರೆ ರೀತಿಯಲ್ಲಿ ಪರಿಣಾಮ ಬೀರಿತು. ಆವರೆಗೆ ಕೇಬಲ್‌ನವರು ಒಟ್ಟು ಮೊತ್ತಕ್ಕೆ ಎಲ್ಲ ಭಾಷೆಯ ವಾಹಿನಿಗಳನ್ನು ಕೊಡುತ್ತಿದ್ದರು. ಆಮೇಲೆ ಪ್ರತಿ ವಾಹಿನಿಗೂ ಪ್ಯಾಕಿಗೂ ಬೆಲೆ ನಿಗದಿಯಾಯಿತು. ಕನ್ನಡ ಪ್ಯಾಕ್ ಜತೆ ಮರಾಠಿ ಅಥವಾ ತೆಲುಗು ಪ್ಯಾಕ್ ಬೇಕೆಂದರೆ ಹೆಚ್ಚು ಕೊಡಬೇಕು. ಒಂದೇ ಭಾಷೆಯ ಮನೆಗಳಿಗೆ ಹಗುರವಾದ ನಿಯಮ ಮೂರು ಭಾಷೆಯ ಮನೆಗಳಿಗೆ ಭಾರವಾಯಿತು.

ಸಮಾರಂಭ ನಡೆಯುವ ಬೆಂಗಳೂರು ಬೀದರ್‌ನಿಂದ ಸುಮಾರು 700 ಕಿಲೋಮೀಟರ್ ದೂರ. ಹೈದರಾಬಾದ್ ಅದರ ಐದನೆಯ ಒಂದು ಭಾಗದಷ್ಟು. ಕಿರುತೆರೆಯ ಸ್ಟುಡಿಯೊಗಳು, ಚಿತ್ರೀಕರಣದ ಮನೆಗಳು, ಕಲಾವಿದರ ಸಂಪರ್ಕ ಎಲ್ಲವೂ ಬೆಂಗಳೂರಿನ ಸುತ್ತ ನೆಟ್ಟಿರುವುದರಿಂದ ಈ ಭಾಗದ ಪ್ರತಿಭೆಗಳು ಮುಖ್ಯವಾಗಿ ಹಾಡು, ನೃತ್ಯ, ಹಾಸ್ಯದ ರಿಯಾಲಿಟಿ ಷೋಗಳ ಆಡಿಷನ್ ಮೂಲಕವೇ ಒಳಬರಬೇಕಾಗುತ್ತದೆ.

ಪ್ರಯೋಜನ ಮತ್ತು ಟೀಕೆ

ಕಲಾವಿದರಿಗೆ ಈ ಪ್ರಶಸ್ತಿಗಳಿಂದ ಸಿಗುವ ಲಾಭ ನಗದಿನದಕ್ಕಿಂತ ಹೆಸರಿನದು. ಮುಂದಿನ ಧಾರಾವಾಹಿಯ ದಿನಗೂಲಿ ಮಾತಾಡುವಾಗ, ಊರ ಹಬ್ಬ, ಮಳಿಗೆ ಉದ್ಘಾಟನೆಗೆ ಕರೆ ಬರುವಾಗ ಅದು ನೆರವಿಗೆ ಬರುತ್ತದೆ. ತೆರೆಯ ಹಿಂದಿನವರಿಗೆ, ಅದರಲ್ಲೂ ಸಂಭಾಷಣೆಕಾರರು, ಸಂಕಲನಕಾರರಿಗೆ ಜನರೆದುರು ಮುಖ ತೋರಿಸುವ ಅವಕಾಶ ವರ್ಷಕ್ಕೊಮ್ಮೆ ಸಿಗುವುದು ಇಲ್ಲಿ. ಆದರೆ ಪ್ರಸಾರದ ಸಂಕಲನದಲ್ಲಿ ಮೊದಲು ಕತ್ತರಿ ಬೀಳುವುದೂ ಆ ವಿಭಾಗಗಳಿಗೇ. ವಾಹಿನಿಗೆ ಸಮಾರಂಭವೆಂದರೆ ವಾರಾಂತ್ಯದ ಟಿಆರ್‌ಪಿ, ಪ್ರಾಯೋಜಕರ ಹಣ, ಹೊಸ ಧಾರಾವಾಹಿಗಳ ಪ್ರಚಾರ.

ಸ್ವಂತ ಕಾರ್ಯಕ್ರಮಗಳಿಗೆ ತಾನೇ ಬಹುಮಾನ ಕೊಟ್ಟುಕೊಳ್ಳುವುದು ಪ್ರಶಸ್ತಿಯ ಬೆಲೆಯನ್ನು ಇಳಿಸುತ್ತದೆ ಎಂಬುದು ಮುಖ್ಯ ಟೀಕೆ. ಮತಗಳ ಎಣಿಕೆ ಬಹಿರಂಗವಾಗದಿರುವುದು ಎರಡನೆಯದು. ಸೊಸೆ, ಅತ್ತೆ ಎಂಬ ವಿಭಾಗಗಳು ಹೆಣ್ಣಿನ ಪಾತ್ರವನ್ನು ಮನೆಯೊಳಗಿನ ಸಂಬಂಧಕ್ಕೇ ಕಟ್ಟಿಹಾಕುತ್ತವೆ ಎಂಬ ಆಕ್ಷೇಪವೂ ಇದೆ. ಇದು ಪ್ರಶಸ್ತಿಯ ದೋಷ ಎನ್ನುವುದಕ್ಕಿಂತ ಧಾರಾವಾಹಿಗಳದೇ ದೋಷ. ಪಟ್ಟಿ ಅವುಗಳ ನೆರಳು.

ಈಗಿನ ಸ್ಥಿತಿ

ಕನ್ನಡ ಕಿರುತೆರೆಯಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ತಡೆ ಇತ್ತು. ಈ ತಡೆಯ ಕಾರಣಕ್ಕೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್ ಮುಂತಾದ ಸಂಘಟನೆಗಳಿಗೆ ದಂಡ ವಿಧಿಸಿತು. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಸ್ಟಾರ್ ಸುವರ್ಣದ ಡಬ್ ಆದ ‘ಮಹಾಭಾರತ’ ಸೇರಿದಂತೆ ಹಲವು ಡಬ್ಬಿಂಗ್ ಧಾರಾವಾಹಿಗಳು ಕನ್ನಡಕ್ಕೆ ಬಂದವು. ಇಂಥ ಕಾರ್ಯಕ್ರಮಗಳಲ್ಲಿ ಕನ್ನಡದ ದುಡಿಮೆ ಇರುವುದು ಕಂಠದಾನ ಮತ್ತು ಸಂಭಾಷಣೆಯಲ್ಲಿ. ಮುಖ ನೋಡಿ ಕೊಡುವ ಪ್ರಶಸ್ತಿ ವ್ಯವಸ್ಥೆಯಲ್ಲಿ ಆ ದುಡಿಮೆಗೆ ಜಾಗ ಸಾಲದು.

2024ರ ನವೆಂಬರ್‌ನಲ್ಲಿ ವಯಾಕಾಮ್18 ಮತ್ತು ಸ್ಟಾರ್ ಇಂಡಿಯಾ ವಿಲೀನವಾಗಿ ಕಲರ್ಸ್ ಕನ್ನಡ ಹಾಗೂ ಸ್ಟಾರ್ ಸುವರ್ಣ ಎರಡೂ ಜಿಯೊಸ್ಟಾರ್ ಎಂಬ ಒಂದೇ ಸಂಸ್ಥೆಯ ಸೂರಿನಡಿ ಬಂದವು. 2025ರ ಫೆಬ್ರುವರಿಯಲ್ಲಿ ಅವುಗಳ ಆ್ಯಪ್‌ಗಳು ಜಿಯೊಹಾಟ್‌ಸ್ಟಾರ್ ಆಗಿ ಒಂದಾದವು. ‘ಅನುಬಂಧ’ ಮತ್ತು ‘ಪರಿವಾರ’ ಈಗ ಒಂದೇ ಮನೆತನದ ಎರಡು ಕವಲುಗಳು. ಸಮಾರಂಭದ ತುಣುಕುಗಳು ಪ್ರಸಾರಕ್ಕೆ ಮೊದಲೇ ರೀಲ್‌ಗಳಾಗಿ ಮೊಬೈಲ್ ತಲುಪುತ್ತವೆ. ಹಲವರು ಪೂರ್ತಿ ಕಾರ್ಯಕ್ರಮವನ್ನು ಆ್ಯಪ್‌ನಲ್ಲಿ ತಮಗೆ ಬಿಡುವಾದಾಗ ನೋಡುತ್ತಾರೆ. ಎಲ್ಲ ವಾಹಿನಿಗಳನ್ನು, ಆ್ಯಪ್‌ಗಳಿಗಷ್ಟೇ ತಯಾರಾಗುವ ವೆಬ್ ಸರಣಿಗಳನ್ನು ಒಟ್ಟಿಗೆ ಪರಿಗಣಿಸಿ, ತೀರ್ಪುಗಾರರ ಸಮಿತಿಯ ಮೂಲಕ ಆಯ್ಕೆ ಮಾಡುವ, ವಾಹಿನಿ ಪ್ರಶಸ್ತಿಗಳಷ್ಟು ವ್ಯಾಪಕವಾಗಿ ಹೆಸರಾದ ಕನ್ನಡ ಕಿರುತೆರೆ ಪ್ರಶಸ್ತಿ ಇನ್ನೂ ರೂಪುಗೊಂಡಿಲ್ಲ.